ಚಮಕಿ ಹಚ್ಚಿಕೊಂಡ ಲಾರಿ ಡ್ರೈವರ್ ಮಗ

ಮಾರ್ಕ್ ಬೋಲನ್ ಅನ್ನೋ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ‘ಬಿಲ್ಲಿ ಎಲಿಯಟ್’ ಸಿನಿಮಾ ನೋಡಿದವರು ಒಂದಷ್ಟು ಜನ ಇದ್ದೇವೆ. ಅದರ ಶುರುವಿನಲ್ಲೇ ಗಣಿ ಕಾರ್ಮಿಕನ ಮಗನೊಬ್ಬ ರೆಕಾರ್ಡ್ ಹಾಕಿ ಹಾಸಿಗೆಯ ಮೇಲೆ ಕುಪ್ಪಳಿಸ್ತಾನಲ್ಲ, ಆಗ ಕೇಳಿಬರುವ ಹಾಡು ‘ಕಾಸ್ಮಿಕ್ ಡ್ಯಾನ್ಸರ್’. ಸಿನಿಮಾ ಬಂದಿದ್ದು 2000ದಲ್ಲಿ. ಹಾಡು ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಳೆಯದು. ಟಿ. ರೆಕ್ಸ್ ಅನ್ನೋ ಬ್ರಿಟಿಷ್ ತಂಡ 1971ರ ಸೆಪ್ಟೆಂಬರಿನಲ್ಲಿ ಹೊರತಂದ ‘ಎಲೆಕ್ಟ್ರಿಕ್ ವಾರಿಯರ್’ ಆಲ್ಬಮ್ಮಿನಲ್ಲಿ ಅದು ಎರಡನೇ ಹಾಡು.

ಗ್ಲಾಮ್ ರಾಕ್ ಅಂದ ಕೂಡಲೇ ಎಲ್ಲರೂ ಮೊದಲು ಹೆಸರಿಸುವ ಆಲ್ಬಮ್ಮುಗಳಲ್ಲಿ ಇದೂ ಒಂದು. ಹನ್ನೊಂದು ಹಾಡು, ಸುಮಾರು 39 ನಿಮಿಷ, ಅಷ್ಟೇ. ಗಿಟಾರ್ ಕಲಿಯೋಕೆ ಶುರು ಮಾಡಿದವರೂ ಇದರ ಅರ್ಧ ಹಾಡುಗಳನ್ನು ಒಂದೆರಡು ತಿಂಗಳಲ್ಲಿ ನುಡಿಸಬಹುದು. ಇಷ್ಟು ಸರಳವಾದದ್ದು ಇಷ್ಟು ಹಿಡಿಸೋದು ಯಾಕೆ? ಇದನ್ನು ಮಾಡಿದವನ ಕೈಯಿಂದಲೇ ಆ ಜಾದೂ ಎರಡು-ಮೂರು ವರ್ಷದಲ್ಲಿ ಜಾರಿಹೋಗಿದ್ದು ಯಾಕೆ? ಈ ಎರಡು ಪ್ರಶ್ನೆಗೂ ಉತ್ತರ ಒಂದೇ ಅಂತ ನಮಗೆ ಅನ್ನಿಸುತ್ತೆ. ಅದು ಸಿಗಬೇಕಾದರೆ ಅವನ ಬದುಕನ್ನು ಒಂದು ಸುತ್ತು ನೋಡಬೇಕು.

ಹೆಸರು ಹುಡುಕಿಕೊಂಡ ಹುಡುಗ

ಅವನ ಹುಟ್ಟುಹೆಸರು ಮಾರ್ಕ್ ಫೆಲ್ಡ್. ಹುಟ್ಟಿದ್ದು 1947ರ ಸೆಪ್ಟೆಂಬರ್ 30ರಂದು, ಲಂಡನ್ನಿನ ಹ್ಯಾಕ್ನಿಯಲ್ಲಿ. ಬೆಳೆದಿದ್ದು ಅಲ್ಲೇ ಹತ್ತಿರದ ಸ್ಟೋಕ್ ನ್ಯೂಯಿಂಗ್ಟನ್ನಿನಲ್ಲಿ. ಅಪ್ಪ ಯಹೂದಿ ಮನೆತನದವರು, ಲಾರಿ ಓಡಿಸುತ್ತಿದ್ದರು. ಅಮ್ಮ ಸೋಹೋದ ಬರ್ವಿಕ್ ಬೀದಿಯ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದರು. ಕೈಯಲ್ಲಿ ಕಾಸು ಅಷ್ಟಕ್ಕಷ್ಟೇ ಇದ್ದ ಮನೆ. ಆದರೂ ಒಂಬತ್ತನೇ ವಯಸ್ಸಿಗೆ ಹುಡುಗನ ಕೈಗೆ ಗಿಟಾರ್ ಬಂತು. ಶಾಲೆಯ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಒಂದು ಪುಟ್ಟ ತಂಡ ಕಟ್ಟಿದ. ಅದರಲ್ಲಿ ಹಾಡುತ್ತಿದ್ದ ಹುಡುಗಿ ಹೆಲೆನ್ ಶಪಿರೋ. ಆಕೆ ಹದಿನಾಲ್ಕನೇ ವಯಸ್ಸಿಗೇ, 1961ರಲ್ಲಿ, ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದಳು. ತನ್ನ ಪಕ್ಕದಲ್ಲೇ ನಿಂತು ಹಾಡುತ್ತಿದ್ದವಳು ಟಿವಿಯಲ್ಲಿ ಕಾಣಿಸಿಕೊಂಡರೆ ಹುಡುಗನ ತಲೆಯಲ್ಲಿ ಏನು ಓಡಿರಬಹುದು, ಊಹಿಸಿ.

ಓದು ತಲೆಗೆ ಹತ್ತಲಿಲ್ಲ, ಶಾಲೆ ಬೇಗ ಮುಗಿಯಿತು. ಆದರೆ ಬಟ್ಟೆಯ ಹುಚ್ಚು ಮಾತ್ರ ಜೋರಾಗಿತ್ತು. ಆಗ ಲಂಡನ್ನಿನಲ್ಲಿ ‘ಮಾಡ್’ ಅನ್ನೋ ಹುಡುಗರ ಗುಂಪುಗಳು ಹುಟ್ಟಿಕೊಳ್ಳುತ್ತಿದ್ದವು. ಊಟ ಬಿಟ್ಟಾದರೂ ಅಳತೆಗೆ ಸರಿಯಾಗಿ ಹೊಲಿಸಿದ ಸೂಟು ಹಾಕಬೇಕು ಅನ್ನೋ ಜಾತಿ. ‘ಟೌನ್’ ಅನ್ನೋ ಪತ್ರಿಕೆ 1962ರಲ್ಲಿ ಇವರ ಬಗ್ಗೆ ಬರೆದಾಗ ಫೋಟೋದಲ್ಲಿ ಮಾರ್ಕ್ ಫೆಲ್ಡ್ ಇದ್ದ, ಇನ್ನೂ ಹದಿನೈದು ತುಂಬಿರಲಿಲ್ಲ. ಆ ಫೋಟೋ ತೆಗೆದದ್ದು ಮುಂದೆ ಯುದ್ಧದ ಚಿತ್ರಗಳಿಗೆ ಹೆಸರಾದ ಡಾನ್ ಮೆಕಲಿನ್. ಹಾಡುಗಾರ ಆಗೋದಕ್ಕೆ ಮೊದಲೇ ನೋಡುವವರ ಕಣ್ಣನ್ನು ಹಿಡಿದು ನಿಲ್ಲಿಸೋದು ಹೇಗೆ ಅಂತ ಅವನಿಗೆ ಗೊತ್ತಾಗಿಹೋಗಿತ್ತು.

ಹಾಡಿನ ದಾರಿ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಒಮ್ಮೆ ಟೋಬಿ ಟೈಲರ್ ಅಂತ ಹೆಸರಿಟ್ಟುಕೊಂಡ. ಆಮೇಲೆ ಬೋಲನ್ ಆದ. 1965ರಲ್ಲಿ ಡೆಕ್ಕಾ ಕಂಪನಿಯಿಂದ ಮೊದಲ ಸಿಂಗಲ್ ಬಂತು, ಯಾರೂ ಕೊಳ್ಳಲಿಲ್ಲ. ಇನ್ನೆರಡು ಬಂದವು, ಅವೂ ಅಷ್ಟೆ. 1967ರಲ್ಲಿ ‘ಜಾನ್ಸ್ ಚಿಲ್ಡ್ರನ್’ ಅನ್ನೋ ಗದ್ದಲದ ತಂಡಕ್ಕೆ ಗಿಟಾರಿಸ್ಟ್ ಆಗಿ ಸೇರಿದ. ಕೆಲವೇ ತಿಂಗಳಲ್ಲಿ ಅಲ್ಲಿಂದಲೂ ಹೊರಗೆ ಬಂದ.

ಚಾಪೆ ಹಾಸಿ ಕೂತ ದಿನಗಳು

ಅದೇ ವರ್ಷ ತನ್ನದೇ ತಂಡ ಕಟ್ಟಿದ. ಹೆಸರು ಟೈರನೋಸಾರಸ್ ರೆಕ್ಸ್. ಸರಿಯಾಗಿ ತಾಲೀಮು ಮಾಡದೆ ಮೊದಲ ಕಾರ್ಯಕ್ರಮಕ್ಕೆ ಹತ್ತಿದರು, ಮಾನ ಹೋಯಿತು. ಉಳಿದವರು ಬಿಟ್ಟುಹೋದರು. ಉಳಿದುಕೊಂಡವನು ಡ್ರಮ್ಮರ್ ಒಬ್ಬನೇ. ಅವನು ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಪಾತ್ರದ ಹೆಸರನ್ನು ತನಗಿಟ್ಟುಕೊಂಡಿದ್ದ ಸ್ಟೀವ್ ಪೆರೆಗ್ರಿನ್ ಟೂಕ್. ಎಲೆಕ್ಟ್ರಿಕ್ ಗಿಟಾರ್, ಆಂಪ್ಲಿಫೈಯರ್ ಯಾವುದೂ ಕೈಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಒಂದು ಅಕೂಸ್ಟಿಕ್ ಗಿಟಾರ್, ಒಂದು ಜೊತೆ ಬಾಂಗೋ, ಕೂರೋಕೆ ಒಂದು ಜಮಖಾನ. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಾಡೋಕೆ ಶುರು ಮಾಡಿದರು. ಪಂಡಿತ್ ರವಿಶಂಕರ್ ಅವರ ಕಛೇರಿ ನೋಡಿದ ಮೇಲೆ ಈ ಭಂಗಿ ಹೊಳೆಯಿತು ಅಂತ ಅವನ ಆಗಿನ ಮ್ಯಾನೇಜರ್ ಹೇಳಿಕೊಂಡಿದ್ದಾನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇದು ಅದೇ. ಇಲ್ಲದ ಸಾಮಾನಿಗೆ ಅಳುತ್ತಾ ಕೂರದೆ ಇರುವುದರಲ್ಲೇ ಹಾಡು ಕಟ್ಟೋದನ್ನು ಅವನು ಈ ಮೂರು ವರ್ಷದಲ್ಲಿ ಕಲಿತ. ನಾಲ್ಕು ತಂತಿ ಮೀಟಿದರೆ ಸಾಕು, ಬಾಕಿ ಜಾಗವನ್ನು ದನಿ ತುಂಬಿಕೊಳ್ಳುತ್ತೆ. ಮೇಕೆಯ ಹಾಗೆ ನಡುಗುವ ವಿಚಿತ್ರ ದನಿ ಅವನದು. ಹಾಡುಗಳ ತುಂಬ ಮಾಟಗಾರರು, ಯಕ್ಷಿಣಿಯರು, ಹೆಸರೇ ಕೇಳದ ಪ್ರಾಣಿಗಳು. ಬಿಬಿಸಿ ರೇಡಿಯೋದ ಜಾನ್ ಪೀಲ್ ಈ ಜೋಡಿಯನ್ನು ತುಂಬ ಹಚ್ಚಿಕೊಂಡ, ಬಿಡದೆ ಹಾಡುಗಳನ್ನು ಹಾಕಿದ. ಲಂಡನ್ನಿಗೆ ಬಂದು ನೆಲೆ ಹುಡುಕುತ್ತಿದ್ದ ಬ್ರೂಕ್ಲಿನ್‌ನ ಯುವಕ ಟೋನಿ ವಿಸ್ಕಾಂಟಿ ಆಲ್ಬಮ್ ಮಾಡಿಕೊಡೋಕೆ ಮುಂದೆ ಬಂದ. 1968ರಲ್ಲಿ ಬಂದ ಮೊದಲ ಆಲ್ಬಮ್ಮಿನ ಹೆಸರು ಎಷ್ಟು ಉದ್ದ ಇತ್ತೆಂದರೆ ಇಲ್ಲಿ ಬರೆದರೆ ಒಂದು ಸಾಲು ಹಿಡಿಯುತ್ತೆ.

1969ರಲ್ಲಿ ಅಮೆರಿಕ ಪ್ರವಾಸದ ಹೊತ್ತಿಗೆ ಟೂಕ್ ಜೊತೆ ಸಂಬಂಧ ಕೆಟ್ಟಿತು. ಟೂಕ್‌ಗೆ ತನ್ನ ಹಾಡುಗಳೂ ಆಲ್ಬಮ್ಮಿನಲ್ಲಿ ಬರಬೇಕು ಅನ್ನೋ ಆಸೆ. ಬೋಲನ್ ಒಪ್ಪಲಿಲ್ಲ. ಟೂಕ್ ಹೋದ, ಮಿಕ್ಕಿ ಫಿನ್ ಬಂದ. ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆನ್ನೆಯ ಮೇಲೆ ಚಮಕಿ

1970ರಲ್ಲಿ ಮಾರ್ಕ್ ಮತ್ತೆ ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡ. ತಂಡದ ಹೆಸರನ್ನು ಟಿ. ರೆಕ್ಸ್ ಅಂತ ಕತ್ತರಿಸಿದ. ಹಾಡುಗಳನ್ನೂ ಕತ್ತರಿಸಿದ. ‘ರೈಡ್ ಎ ವೈಟ್ ಸ್ವಾನ್’ ಎರಡೂವರೆ ನಿಮಿಷವೂ ಇಲ್ಲ. ಅದರಲ್ಲಿ ಡ್ರಮ್ ಸೆಟ್ಟೇ ಇಲ್ಲ. ಒಂದು ಗಿಟಾರ್, ಚಪ್ಪಾಳೆ, ವಿಸ್ಕಾಂಟಿ ಬರೆದುಕೊಟ್ಟ ಒಂದಿಷ್ಟು ಪಿಟೀಲು. 1971ರ ಜನವರಿಯಲ್ಲಿ ಅದು ಎರಡನೇ ಸ್ಥಾನಕ್ಕೆ ಬಂತು. ಆಮೇಲೆ ಬೇಸ್ ನುಡಿಸೋಕೆ ಸ್ಟೀವ್ ಕರೀ, ಡ್ರಮ್ಸ್‌ಗೆ ಬಿಲ್ ಲೆಜೆಂಡ್ ಸೇರಿದರು. ಮುಂದಿನ ಹಾಡು ‘ಹಾಟ್ ಲವ್’ ಆರು ವಾರ ಮೊದಲ ಸ್ಥಾನದಲ್ಲಿ ಕೂತಿತು.

ಆ ಹಾಡಿಗಾಗಿ ಮಾರ್ಚ್ ತಿಂಗಳಲ್ಲಿ ಟಿವಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮಕ್ಕೆ ಬಂದಾಗ ಅವನ ಮೈಮೇಲೆ ಫಳಫಳ ಸ್ಯಾಟಿನ್ ಬಟ್ಟೆ, ಕಣ್ಣಿನ ಕೆಳಗೆ ಚಮಕಿ. ಚಮಕಿ ಹಚ್ಚುವ ಐಡಿಯಾ ಅವನಿಗೆ ಬಟ್ಟೆಬರೆ ಆರಿಸಿಕೊಡುತ್ತಿದ್ದ ಚೆಲೀಟಾ ಸೆಕುಂಡಾಳದ್ದು ಅಂತಾರೆ. ಗ್ಲಾಮ್ ರಾಕ್ ಹುಟ್ಟಿದ್ದು ಅವತ್ತು ಅನ್ನೋದು ಬಹಳ ಜನರ ಲೆಕ್ಕ. ಡೇವಿಡ್ ಬೋವಿ, ಸ್ಲೇಡ್, ಸ್ವೀಟ್, ರಾಕ್ಸಿ ಮ್ಯೂಸಿಕ್ ಎಲ್ಲರೂ ಆ ಬಾಗಿಲಿನಿಂದಲೇ ಒಳಗೆ ಬಂದರು.

ಅದು ಯಾಕೆ ಅಷ್ಟು ದೊಡ್ಡ ಸುದ್ದಿ? ಆಗಿನ ರಾಕ್ ಸಂಗೀತ ವಿಪರೀತ ಗಂಭೀರವಾಗಿಬಿಟ್ಟಿತ್ತು. ಹತ್ತಿಪ್ಪತ್ತು ನಿಮಿಷದ ಹಾಡು, ಮುಗಿಯದ ಗಿಟಾರ್ ಸೋಲೋ, ಜೀನ್ಸ್, ಗಡ್ಡ. ಅದೆಲ್ಲ ಅಣ್ಣಂದಿರಿಗೆ. ಬೀಟಲ್ಸ್ ಒಡೆದುಹೋಗಿತ್ತು. ಹನ್ನೆರಡು-ಹದಿಮೂರರ ಹುಡುಗ ಹುಡುಗಿಯರಿಗೆ ತಮ್ಮದು ಅನ್ನಿಸುವ ಸಂಗೀತ ಇರಲಿಲ್ಲ. ಅಂಥವರ ಎದುರಿಗೆ ಐದೂವರೆ ಅಡಿಯ, ಗುಂಗುರು ಕೂದಲಿನ, ಗಂಡೋ ಹೆಣ್ಣೋ ಅನ್ನಿಸುವ ಚೆಂದದ ಒಬ್ಬ ಬಂದು ಮೂರು ನಿಮಿಷದಲ್ಲಿ ಕುಣಿಸಿಬಿಟ್ಟ. ಹುಡುಗರೂ ಮುಖಕ್ಕೆ ಬಣ್ಣ ಹಚ್ಚಬಹುದು ಅನ್ನೋದು ಎಷ್ಟೋ ಮಕ್ಕಳಿಗೆ ಅವತ್ತೇ ಗೊತ್ತಾಗಿದ್ದು.

ಹಳೆಯ ಅಭಿಮಾನಿಗಳಿಗೆ ಮಾತ್ರ ಸಿಟ್ಟು ಬಂತು. ದುಡ್ಡಿಗೆ ಮಾರಿಕೊಂಡ ಅಂದರು. ಜಾನ್ ಪೀಲ್‌ಗೂ ಹೊಸ ಹಾಡು ‘ಗೆಟ್ ಇಟ್ ಆನ್’ ಹಿಡಿಸಲಿಲ್ಲ, ಹಾಗಂತ ಮುಚ್ಚುಮರೆ ಇಲ್ಲದೆ ಹೇಳಿದ. ಬೋಲನ್ ಅವನ ಜೊತೆ ಮಾತನ್ನೇ ಬಿಟ್ಟ.

ಆಲ್ಬಮ್ಮಿನ ಒಳಗೆ

ಈಗ ‘ಎಲೆಕ್ಟ್ರಿಕ್ ವಾರಿಯರ್’ಗೆ ಬರೋಣ. ಹೊದಿಕೆಯೇ ಅರ್ಧ ಕಥೆ ಹೇಳುತ್ತೆ. ಪೂರ್ತಿ ಕಪ್ಪು. ಅದರ ಮೇಲೆ ಗಿಟಾರ್ ಹಿಡಿದ ಮಾರ್ಕ್, ಹಿಂದೆ ಆಂಪ್ಲಿಫೈಯರಿನ ರಾಶಿ, ಸುತ್ತ ಬಂಗಾರದ ಅಂಚು. ಇದು ಹಿಪ್ನೋಸಿಸ್ ಅನ್ನೋ ವಿನ್ಯಾಸಗಾರರ ಕೆಲಸ, ಪಿಂಕ್ ಫ್ಲಾಯ್ಡ್ ಆಲ್ಬಮ್ಮುಗಳ ಹೊದಿಕೆ ಮಾಡಿದವರೂ ಇವರೇ. ನೋಡಿದರೆ ಒಳಗೆ ಭಾರೀ ಗದ್ದಲ ಇರಬೇಕು ಅನ್ನಿಸುತ್ತೆ.

ಹಾಕಿ ಕೇಳಿದರೆ ಗದ್ದಲವೇ ಇಲ್ಲ! ಮೊದಲ ಹಾಡು ‘ಮ್ಯಾಂಬೋ ಸನ್’ ಪಿಸುಮಾತಿನ ಹಾಗೆ ಶುರುವಾಗುತ್ತೆ. ಗಿಟಾರ್ ಒಂದೇ ವರಸೆಯನ್ನು ಸಣ್ಣಗೆ ಸುತ್ತುತ್ತೆ, ಬೇಸ್ ಮತ್ತು ಡ್ರಮ್ಸ್ ಅಗತ್ಯಕ್ಕಿಂತ ಒಂದು ಏಟೂ ಹೆಚ್ಚು ಹಾಕುವುದಿಲ್ಲ, ದನಿ ಕಿವಿಯ ಪಕ್ಕದಲ್ಲೇ ಇದೆ. ಚಾಪೆ ಹಾಸಿ ಕೂತಿದ್ದ ಹುಡುಗ ಎಲ್ಲಿಗೂ ಹೋಗಿಲ್ಲ. ಅವನ ಸುತ್ತ ಕರೆಂಟು ಬಂದಿದೆ, ಅಷ್ಟೆ. ಈ ಆಲ್ಬಮ್ಮಿನ ಸೆಳೆತ ಇರೋದು ಇಲ್ಲೇ ಅಂತ ನಮ್ಮ ಅಭಿಪ್ರಾಯ. ಹೊರಗೆ ಜಾತ್ರೆಯ ಬೆಳಕು, ಒಳಗೆ ಒಬ್ಬನೇ ನಮ್ಮೊಬ್ಬರಿಗೇ ಹಾಡುತ್ತಿರುವ ಹಾಗಿನ ಸಲುಗೆ.

ಆ ಸಲುಗೆಯನ್ನು ಕಟ್ಟಿದ್ದು ವಿಸ್ಕಾಂಟಿ. ಲಂಡನ್ನಿನ ಟ್ರೈಡೆಂಟ್, ಲಾಸ್ ಏಂಜಲೀಸ್, ನ್ಯೂಯಾರ್ಕ್ ಹೀಗೆ ಬೇರೆಬೇರೆ ಸ್ಟುಡಿಯೋಗಳಲ್ಲಿ 1971ರ ಮೊದಲ ಅರ್ಧದಲ್ಲಿ ರೆಕಾರ್ಡಿಂಗ್ ನಡೆಯಿತು. ಕಂಪ್ಯೂಟರ್ ಇಲ್ಲ, ಎಲ್ಲ ಟೇಪಿನ ಕೆಲಸ. ದನಿಯ ಮೇಲೆ ಅದೇ ದನಿಯನ್ನು ಕೂದಲೆಳೆಯಷ್ಟು ತಡವಾಗಿ ಕೂರಿಸಿದರೆ ಅದು ದಪ್ಪವಾಗುತ್ತೆ, ಆದರೂ ಹತ್ತಿರವೇ ಇರುತ್ತೆ. ‘ಕಾಸ್ಮಿಕ್ ಡ್ಯಾನ್ಸರ್’ ಕೊನೆಯಲ್ಲಿ ಬರುವ ಗಿಟಾರ್ ಗಮನಿಸಿ. ಸಿಗ್ನಲ್ಸ್ ಪೇಪರಿನಲ್ಲಿ ಟೈಮ್ ರಿವರ್ಸಲ್ ಓದ್ತೀವಲ್ಲ, ಅದೇ ಇದು. ಟೇಪನ್ನು ಹಿಂದುಮುಂದಾಗಿ ಓಡಿಸುತ್ತಾ ಗಿಟಾರ್ ನುಡಿಸಿ, ಆಮೇಲೆ ನೇರವಾಗಿ ಓಡಿಸಿದರೆ ಪ್ರತಿ ಸ್ವರವೂ ಇಲ್ಲದಲ್ಲಿಂದ ಊದಿಕೊಂಡು ಬಂದು ಫಟ್ಟನೆ ನಿಲ್ಲುತ್ತೆ. ಮೀಟಿದ ತಂತಿಯ ಸದ್ದು ಸಹಜವಾಗಿ ಸಾಯುವ ಕ್ರಮ ಇಲ್ಲಿ ಉಲ್ಟಾ. ಕುಣಿಯುತ್ತಾ ಹುಟ್ಟಿ ಕುಣಿಯುತ್ತಾ ಸಾಯುವವನ ಹಾಡಿಗೆ ಇದಕ್ಕಿಂತ ಒಪ್ಪುವ ಸದ್ದು ಬೇರೆ ಯಾವುದು?

‘ಗೆಟ್ ಇಟ್ ಆನ್’ ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದಲ್ಲಿ ಇದೇ ಹೆಸರಿನ ಬೇರೊಂದು ಹಾಡು ಇದ್ದದ್ದರಿಂದ ‘ಬ್ಯಾಂಗ್ ಎ ಗಾಂಗ್’ ಅಂತ ಹೆಸರು ಬದಲಾಯಿಸಿ ಬಿಟ್ಟರು, ಅಲ್ಲೂ ಹತ್ತನೇ ಸ್ಥಾನಕ್ಕೆ ಹೋಯಿತು. ಅದರಲ್ಲಿ ಆಗಾಗ ಪಿಯಾನೋ ಮೇಲಿಂದ ಕೆಳಕ್ಕೆ ಸರ್ರನೆ ಜಾರುತ್ತೆ, ಕೇಳಿಸಿಕೊಳ್ಳಿ. ನುಡಿಸಿದವನು ರಿಕ್ ವೇಕ್‌ಮನ್. ಬಾಡಿಗೆ ಕಟ್ಟೋಕೆ ದುಡ್ಡಿಲ್ಲದೆ ಕೆಲಸ ಕೇಳಿಕೊಂಡು ಬಂದಿದ್ದ, ಒಂಬತ್ತು ಪೌಂಡ್ ಸಿಕ್ಕಿತು ಅಂತ ಅವನೇ ಆಮೇಲೆ ನೆನಪಿಸಿಕೊಂಡಿದ್ದಾನೆ. ಅದೇ ವರ್ಷ ‘ಯೆಸ್’ ತಂಡ ಸೇರಿ ದೊಡ್ಡ ಹೆಸರಾದ. ಸ್ಯಾಕ್ಸೋಫೋನ್ ಊದಿದ್ದು ಕಿಂಗ್ ಕ್ರಿಮ್ಸನ್ ತಂಡದಲ್ಲಿದ್ದ ಇಯಾನ್ ಮೆಕ್‌ಡೊನಾಲ್ಡ್. ಹಿಂದೆ ತಾರಸ್ಥಾಯಿಯಲ್ಲಿ ಕೇಳುವ ದನಿಗಳು ಅಮೆರಿಕದ ‘ಟರ್ಟಲ್ಸ್’ ತಂಡದಲ್ಲಿದ್ದ ಇಬ್ಬರು ಗೆಳೆಯರದ್ದು. ಅವರ ದನಿ ಇರದಿದ್ದರೆ ಈ ಹಾಡಿನ ಅರ್ಧ ಮಜಾ ಹೋಗುತ್ತಿತ್ತು.

ಹಾಗಾದರೆ ಹೊಸದೇನು? ‘ಗೆಟ್ ಇಟ್ ಆನ್’ ನಿಂತಿರೋದು ಚಕ್ ಬೆರಿಯ ‘ಲಿಟಲ್ ಕ್ವೀನಿ’ ಮೇಲೆ. ‘ಜೀಪ್‌ಸ್ಟರ್’ ಬಂದದ್ದು ಹೌಲಿನ್ ವುಲ್ಫ್ ಹಾಡಿದ ಬ್ಲೂಸ್ ಹಾಡೊಂದರಿಂದ. ಬೋಲನ್ ಇದನ್ನು ಬಚ್ಚಿಡಲಿಲ್ಲ, ‘ಗೆಟ್ ಇಟ್ ಆನ್’ ಮುಗಿಯುವಾಗ ಚಕ್ ಬೆರಿಯ ಸಾಲನ್ನೇ ಗೊಣಗಿ ಗುರುವಿಗೆ ಕೈಮುಗಿದಿದ್ದಾನೆ. ಹಾಗಂತ ಅವನ ಜೇಬಿಗೆ ಬಂದ ಹಣದಲ್ಲಿ ಆ ಕಪ್ಪು ಕಲಾವಿದರಿಗೆ ಪಾಲು ಇತ್ತಾ ಅಂತ ಇವತ್ತು ಕೇಳೋದು ತಪ್ಪಲ್ಲ. ಕೇಳಲೇಬೇಕು. ಹಳೆಯ ರಾಗವನ್ನು ತಂದು ನಿಧಾನ ಮಾಡಿ, ಸದ್ದು ತಗ್ಗಿಸಿ, ಅಬ್ಬರದ ಗಂಡಸಿನ ಹಾಡನ್ನು ಪಿಸುಗುಡುವ ಹಾಡಾಗಿ ಮಾಡಿದ್ದು ಮಾತ್ರ ಅವನದೇ ಕೆಲಸ.

‘ಗರ್ಲ್’ ಮತ್ತು ‘ಲೈಫ್ಸ್ ಎ ಗ್ಯಾಸ್’ ಹಾಡುಗಳಲ್ಲಿ ಚಮಕಿ ಪೂರ್ತಿ ಕಳಚಿಬೀಳುತ್ತೆ. ಒಂದು ಗಿಟಾರ್, ದೂರದಲ್ಲಿ ಒಂದು ಕೊಂಬಿನ ಸದ್ದು, ಸ್ವಲ್ಪ ಬೇಸರ. ಕೊನೆಯ ‘ರಿಪ್ ಆಫ್’ನಲ್ಲಿ ಮಾತ್ರ ಕೂಗಾಟ. ಅದೂ ಕೊನೆಗೆ ಸ್ಯಾಕ್ಸೋಫೋನಿನ ಉದ್ದನೆಯ ಎಳೆತದಲ್ಲಿ ಕರಗಿಹೋಗುತ್ತೆ. ಒಟ್ಟು ಎಂಟು ವಾರ ಈ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು.

ಅಟ್ಟ ಹತ್ತಿದ ಮೇಲೆ

1972 ಅವನ ವರ್ಷ. ‘ಟೆಲಿಗ್ರಾಮ್ ಸ್ಯಾಮ್’, ‘ಮೆಟಲ್ ಗುರು’ ಎರಡೂ ಮೊದಲ ಸ್ಥಾನಕ್ಕೆ ಹೋದವು. ಮಾರ್ಚ್ 18ರಂದು ಲಂಡನ್ನಿನ ವೆಂಬ್ಲಿಯಲ್ಲಿ ಒಂದೇ ದಿನ ಎರಡು ಕಾರ್ಯಕ್ರಮ, ಕಿರುಚುವ ಸಾವಿರಾರು ಮಕ್ಕಳು. ಕ್ಯಾಮೆರಾ ಹಿಡಿದು ಚಿತ್ರೀಕರಿಸಿದವನು ಬೀಟಲ್ಸ್‌ನ ರಿಂಗೋ ಸ್ಟಾರ್. ಜುಲೈನಲ್ಲಿ ಬಂದ ‘ದಿ ಸ್ಲೈಡರ್’ ಆಲ್ಬಮ್ ಕೂಡ ಚೆನ್ನಾಗಿಯೇ ಇದೆ.

ಆಮೇಲೆ ಇಳಿಜಾರು. ಅದೇ ಲಯ, ಅದೇ ವರಸೆ ಮತ್ತೆ ಮತ್ತೆ ಬಂತು. ಮೊದಲು ಪಿಸುಗುಡುತ್ತಿದ್ದ ಹಾಡುಗಳಲ್ಲಿ ಈಗ ಗಿಟಾರಿನ ಮೇಲೆ ಗಿಟಾರ್, ದನಿಯ ಮೇಲೆ ದನಿ. ಕೇಳುವವರಿಗೆ ಜಾಗವೇ ಉಳಿಯಲಿಲ್ಲ. ಅತ್ತ ಬೋವಿ ಪ್ರತಿ ಆಲ್ಬಮ್ಮಿಗೂ ವೇಷ ಬದಲಿಸುತ್ತಾ ಮುಂದೆ ಹೋದ. ಇತ್ತ ಮಾರ್ಕ್ ಕುಡಿತಕ್ಕೆ, ಕೊಕೇನಿಗೆ ಬಿದ್ದ, ದಪ್ಪಗಾದ. ಎಲ್ಲವೂ ತನ್ನೊಬ್ಬನಿಂದಲೇ ಆಗಿದ್ದು ಅನ್ನೋ ಭಾವನೆ ತಲೆಗೇರಿತು. ಬಿಲ್ ಲೆಜೆಂಡ್ 1973ರಲ್ಲಿ ಬಿಟ್ಟ. ಅದೇ ಹೊತ್ತಿಗೆ ಹೆಂಡತಿ ಜೂನ್ ದೂರವಾದಳು, ಕಷ್ಟದ ದಿನಗಳಲ್ಲಿ ಅವನನ್ನು ನಡೆಸಿದ್ದವಳು ಅವಳು. ವಿಸ್ಕಾಂಟಿ 1974ರಲ್ಲಿ ಹೋದ. ಮಿಕ್ಕಿ ಫಿನ್ 1975ರಲ್ಲಿ, ಸ್ಟೀವ್ ಕರೀ 1976ರಲ್ಲಿ. ಟೂಕ್ ಹೋದಾಗ ಬೇರೊಬ್ಬರು ಸಿಕ್ಕಿದ್ದರು. ಈ ಸಲ ಹಾಗಾಗಲಿಲ್ಲ. ಅಟ್ಟ ಹತ್ತಿ ಏಣಿ ಒದ್ದ ಹಾಗಾಯ್ತು.

ಮೊದಲು ಎತ್ತಿದ ಎರಡು ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನಮಗೆ ಕಾಣುತ್ತೆ. ‘ಎಲೆಕ್ಟ್ರಿಕ್ ವಾರಿಯರ್’ ಹೊದಿಕೆಯ ಮೇಲೆ ಇರೋದು ಒಬ್ಬನೇ. ಹಾಡುಗಳ ಒಳಗೆ ಒಂದು ಕುಟುಂಬವೇ ಇದೆ. ಬೇಡ, ಇಷ್ಟು ಸಾಕು ಅಂತ ಹೇಳುವವರು ಆಗ ಅವನ ಪಕ್ಕದಲ್ಲಿದ್ದರು, ಅವನೂ ಕೇಳುತ್ತಿದ್ದ. ಆ ಸರಳತೆ ಒಬ್ಬನ ಪ್ರತಿಭೆಯಿಂದಷ್ಟೇ ಬಂದದ್ದಲ್ಲ. ಫೆಸ್ಟಿಗೆ ಬ್ಯಾಂಡ್ ಕಟ್ಟುವ, ನಾಲ್ವರು ಸೇರಿ ಪ್ರಾಜೆಕ್ಟ್ ಮಾಡಿ ಒಬ್ಬರೇ ಪ್ರೆಸೆಂಟ್ ಮಾಡುವ ನಮ್ಮಂಥವರು ಇದನ್ನು ಸ್ವಲ್ಪ ಹೊತ್ತು ಯೋಚಿಸಬೇಕು.

ಕೊನೆಯ ತಿರುವು

ಇಷ್ಟಾದರೂ ಕಥೆ ಸೋಲಿನಲ್ಲಿ ಮುಗಿಯಲಿಲ್ಲ. ಗಾಯಕಿ ಗ್ಲೋರಿಯಾ ಜೋನ್ಸ್ ಅವನ ಬಾಳಿಗೆ ಬಂದಳು. ‘ಟೈಂಟೆಡ್ ಲವ್’ ಹಾಡನ್ನು ಮೊಟ್ಟಮೊದಲು ಹಾಡಿದವಳು ಅವಳೇ. 1975ರಲ್ಲಿ ಮಗ ರೋಲನ್ ಹುಟ್ಟಿದ. ಮಾರ್ಕ್ ಕುಡಿತ ಕಡಿಮೆ ಮಾಡಿದ, ಮೈ ಇಳಿಸಿದ. 1977ರಲ್ಲಿ ಹಳೆಯ ತಾರೆಯರನ್ನೆಲ್ಲ ಬೈದು ಪಂಕ್ ಹುಡುಗರು ಎದ್ದಾಗ ಇವನು ಅವರ ಮೇಲೆ ಮುನಿಸಿಕೊಳ್ಳದೆ ‘ಡ್ಯಾಮ್ಡ್’ ಅನ್ನೋ ಪಂಕ್ ತಂಡವನ್ನೇ ಜೊತೆಗೆ ಕರೆದುಕೊಂಡು ಪ್ರವಾಸ ಹೋದ. ಶಾಲೆ ಬಿಟ್ಟು ಬಂದ ಮಕ್ಕಳು ನೋಡಲಿ ಅಂತ ಟಿವಿಯಲ್ಲಿ ‘ಮಾರ್ಕ್’ ಅನ್ನೋ ಕಾರ್ಯಕ್ರಮ ಶುರುವಾಯಿತು. ‘ದಿ ಜಾಮ್’, ‘ಜನರೇಷನ್ ಎಕ್ಸ್’ ಥರದ ಹೊಸಬರಿಗೆ ಅಲ್ಲಿ ಜಾಗ ಕೊಟ್ಟ. ಒಂದು ಕಾಲದಲ್ಲಿ ಜಾನ್ ಪೀಲ್ ತನಗೆ ಮಾಡಿದ್ದನ್ನು ಇವನು ಅವರಿಗೆ ಮಾಡಿದ.

ಆರನೇ ಕಂತಿಗೆ ಅತಿಥಿ ಹಳೆಯ ಗೆಳೆಯ ಬೋವಿ. ಅವನು ಹಾಡಿದ್ದು ‘ಹೀರೋಸ್’. ಆ ಹಾಡನ್ನು ಸ್ಟುಡಿಯೋದಲ್ಲಿ ಕಟ್ಟಿದ್ದು ಬೋವಿ ಜೊತೆಗಿದ್ದ ಟೋನಿ ವಿಸ್ಕಾಂಟಿ. ಕೊನೆಗೆ ಇಬ್ಬರೂ ಸೇರಿ ನುಡಿಸುತ್ತಿರುವಾಗ ಮಾರ್ಕ್ ಕಾಲು ತಪ್ಪಿ ವೇದಿಕೆಯಿಂದ ಕೆಳಗೆ ಮುಗ್ಗರಿಸಿದ, ಬೋವಿ ನಕ್ಕ. ಮತ್ತೆ ಚಿತ್ರೀಕರಿಸೋಕೆ ಹೊತ್ತಿರಲಿಲ್ಲ, ಅದನ್ನೇ ಪ್ರಸಾರ ಮಾಡಿದರು. ಪ್ರಸಾರವಾದ ದಿನ ಮಾರ್ಕ್ ಬದುಕಿರಲಿಲ್ಲ.

1977ರ ಸೆಪ್ಟೆಂಬರ್ 16, ನಸುಕು. ಲಂಡನ್ನಿನ ಬಾರ್ನ್ಸ್ ಹತ್ತಿರ ಕ್ವೀನ್ಸ್ ರೈಡ್ ರಸ್ತೆ. ಗ್ಲೋರಿಯಾ ಓಡಿಸುತ್ತಿದ್ದ ನೇರಳೆ ಬಣ್ಣದ ಮಿನಿ ಕಾರು ಸೇತುವೆ ದಾಟಿದ ಮೇಲೆ ಹಿಡಿತ ತಪ್ಪಿ ಮರದ ಬಳಿ ಅಪ್ಪಳಿಸಿತು. ಅವಳಿಗೆ ದವಡೆ ಮುರಿಯಿತು. ಪಕ್ಕದಲ್ಲಿದ್ದ ಮಾರ್ಕ್ ಅಲ್ಲೇ ತೀರಿಕೊಂಡ. ಮೂವತ್ತು ತುಂಬೋಕೆ ಎರಡು ವಾರ ಬಾಕಿ ಇತ್ತು, ಮಗನಿಗೆ ಎರಡು ತುಂಬಿರಲಿಲ್ಲ. ಹಾಡುಗಳ ತುಂಬ ಕಾರುಗಳನ್ನು ತುಂಬಿದ್ದ ಲಾರಿ ಡ್ರೈವರ್ ಮಗ ಡ್ರೈವಿಂಗ್ ಕಲಿತೇ ಇರಲಿಲ್ಲ. ಗೋಲ್ಡರ್ಸ್ ಗ್ರೀನ್‌ನಲ್ಲಿ ಅಂತ್ಯಕ್ರಿಯೆ ನಡೆದಾಗ ಬೋವಿ ಬಂದಿದ್ದ. ಬಿಳಿ ಹೂವುಗಳಿಂದ ಮಾಡಿದ ದೊಡ್ಡ ಹಂಸವೊಂದನ್ನು ಅಲ್ಲಿ ಇಟ್ಟಿದ್ದರು.

ಆ ಮರದ ಹತ್ತಿರ ಅಭಿಮಾನಿಗಳು ಇವತ್ತಿಗೂ ಹೂವು, ಚೀಟಿ, ಫೋಟೋ ಇಟ್ಟು ಹೋಗುತ್ತಾರೆ. 1997ರಲ್ಲಿ ಅಲ್ಲೊಂದು ಸ್ಮಾರಕದ ಕಲ್ಲು ಬಂತು. 2020ರಲ್ಲಿ ಟಿ. ರೆಕ್ಸ್ ಹೆಸರು ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ‘ಓಯಸಿಸ್’ ತಂಡದ ‘ಸಿಗರೆಟ್ಸ್ ಅಂಡ್ ಆಲ್ಕೊಹಾಲ್’ ಕೇಳಿದರೆ ‘ಗೆಟ್ ಇಟ್ ಆನ್’ನ ಗಿಟಾರ್ ಅಲ್ಲಿ ಇಣುಕುತ್ತೆ. ಚಕ್ ಬೆರಿಯಿಂದ ಇವನು ತಗೊಂಡ, ಇವನಿಂದ ಅವರು ತಗೊಂಡರು.

ಸೆಮಿಸ್ಟರ್ ಗಡಿಬಿಡಿಯಲ್ಲಿ ಪೂರ್ತಿ ಆಲ್ಬಮ್ ಕೇಳೋಕೆ ಪುರುಸೊತ್ತು ಇಲ್ಲ ಅನ್ನೋರು ಮೂರೇ ಹಾಡು ಕೇಳಿ: ‘ಮ್ಯಾಂಬೋ ಸನ್’, ‘ಕಾಸ್ಮಿಕ್ ಡ್ಯಾನ್ಸರ್’, ‘ಗರ್ಲ್’. ಇಯರ್‌ಫೋನ್ ಹಾಕಿಕೊಂಡು, ಬೇರೇನೂ ಮಾಡದೆ ಕೇಳಿ. ಎರಡನೇ ಸಲ ಕೇಳುವಾಗ ಅವನ ದನಿಯನ್ನು ಬಿಟ್ಟು ಹಿಂದಿರುವ ಬೇಸ್, ಡ್ರಮ್ಸ್, ಪಿಟೀಲು ನುಡಿಸಿದವರ ಕಡೆ ಗಮನ ಕೊಡಿ. ಎಷ್ಟು ಕಡಿಮೆ ನುಡಿಸಿದ್ದಾರೆ ಅಂತ ನಿಮಗೇ ಗೊತ್ತಾಗುತ್ತೆ.